ದ್ರಾಕ್ಷಿ ಕಿಸೆಲ್ ಹದ ತಪ್ಪಿದರೆ: ಎಲ್ಲಿ ಕೆಟ್ಟಿತು ಅಂತ ಕಂಡುಹಿಡಿಯುವ ಬಗೆ

"ಕಿಸೆಲ್ ನೀರುನೀರಾಗಿದೆ, ಇನ್ನೊಂದು ಚಮಚ ಕಾರ್ನ್‌ಫ್ಲೋರ್ ಹಾಕಲಾ?" ಅಂತ ಕೇಳುವವರಿಗೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಹಣ್ಣು? ನೀರಾಗಿದ್ದು ಯಾವಾಗ? ಮೊದಲಿನಿಂದಲೂ ಗಟ್ಟಿ ಆಗಲೇ ಇಲ್ಲವಾ, ಗಟ್ಟಿಯಾಗಿ ಒಲೆ ಮೇಲೆಯೇ ಇಳಿದುಹೋಯಿತಾ, ಇಲ್ಲ ರಾತ್ರಿ ಚೆನ್ನಾಗಿದ್ದದ್ದು ಬೆಳಗ್ಗೆ ಹೊತ್ತಿಗೆ ನೀರು ಬಿಟ್ಟಿತಾ? ಈ ಮೂರಕ್ಕೂ ಕಾರಣ ಬೇರೆ ಬೇರೆ. ಕಾರಣ ಗೊತ್ತಿಲ್ಲದೆ ಹಿಟ್ಟು ಸುರಿದರೆ ಆರಿದ ಮೇಲೆ ಅದು ಅಂಟಿನ ಥರ ಆಗುತ್ತದೆ, ಮಕ್ಕಳು ಲೋಟ ದೂರ ತಳ್ಳುತ್ತಾರೆ. ಒಳ್ಳೆಯ ಹಣ್ಣು ಸುಮ್ನೆ ವ್ಯರ್ಥ.

ಕಿಸೆಲ್ ಅಂದರೆ ಹಣ್ಣಿನ ರಸಕ್ಕೆ ಪಿಷ್ಟ ಹಾಕಿ ಸ್ವಲ್ಪ ಮಂದ ಮಾಡಿದ ಸಿಹಿ ಪಾನೀಯ. ರಷ್ಯಾ, ಉಕ್ರೇನ್, ಪೋಲೆಂಡ್ ಕಡೆ ಮಕ್ಕಳಿಗೆ ಮಾಡಿಕೊಡುತ್ತಾರೆ. ಅಲ್ಲಿ ಚೆರಿ, ಕ್ರ್ಯಾನ್‌ಬೆರಿ ಥರದ ಹುಳಿ ಹಣ್ಣು, ಜೊತೆಗೆ ಆಲೂಗಡ್ಡೆ ಪಿಷ್ಟ. ತುಂಬಾ ಹಿಂದೆ ಕಿಸೆಲ್‌ಗೆ ಈ ಎರಡನ್ನೂ ಹಾಕುತ್ತಿರಲಿಲ್ಲ. ಓಟ್ಸ್ ನೆನೆಸಿ, ಹುಳಿ ಬರಿಸಿ, ಸೋಸಿ, ಬಂದ ಹಾಲನ್ನು ಕಾಯಿಸಿ ಗಟ್ಟಿ ಮಾಡುತ್ತಿದ್ದರು. 997ರಲ್ಲಿ ಪೆಚೆನೆಗ್ ಅನ್ನುವ ಅಲೆಮಾರಿ ಜನರ ಸೈನ್ಯ ಕೀವ್ ಹತ್ತಿರದ ಬೆಲ್ಗೊರೊಡ್ ಊರಿಗೆ ಮುತ್ತಿಗೆ ಹಾಕಿದಾಗ, ಊರವರು ಬಾವಿಯೊಳಗೆ ಕಿಸೆಲ್ ತುಂಬಿದ ತೊಟ್ಟಿ ಇಳಿಸಿ, ನಮಗೆ ಭೂಮಿಯೇ ಊಟ ಕೊಡುತ್ತದೆ ಅಂತ ಶತ್ರುಗಳನ್ನು ನಂಬಿಸಿದರು ಅನ್ನುವ ಕಥೆ ಅಲ್ಲಿನ ಹಳೆಯ ವೃತ್ತಾಂತದಲ್ಲಿದೆ. ರಾಗಿ ನೆನೆಸಿ, ರುಬ್ಬಿ, ಹಾಲು ಹಿಂಡಿ ಹಾಲುಬಾಯಿ ಮಾಡುವ ನಮ್ಮ ಕಡೆಯವರಿಗೆ ಈ ಕೆಲಸ ಹೊಸದಲ್ಲ.

ಚಿಕ್ಕಬಳ್ಳಾಪುರದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹಣ್ಣು ಬೆಂಗಳೂರು ಬ್ಲೂ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ತಳಿ ಇದು. ಸಿಪ್ಪೆ ದಪ್ಪ, ಒಳಗೆ ಬೀಜ, ಹುಳಿ ಜೋರು, ಘಮ ಇನ್ನೂ ಜೋರು. ಹಾಗೇ ತಿನ್ನಲು ದಿಲ್‌ಖುಷ್ ತಳಿಯ ದ್ರಾಕ್ಷಿ ಇಷ್ಟಪಡುವವರೇ ಜಾಸ್ತಿ. ಆದರೆ ಕಾಯಿಸಿ ಸೋಸುವ ಕೆಲಸಕ್ಕೆ ಬ್ಲೂ ದ್ರಾಕ್ಷಿಯ ಮುಂದೆ ಬೇರೆ ಯಾವುದೂ ನಿಲ್ಲಲ್ಲ ಅಂತಲೇ ನನ್ನ ಅಭಿಪ್ರಾಯ. ಕಾಯಿಸಿದ ಮೇಲೂ ಅದರ ಘಮ ಉಳಿಯುತ್ತದೆ.

ಮೊದಲು ಸರಿಯಾದ ಹದ ಹೇಗಿರುತ್ತೆ ಅಂತ ಗೊತ್ತಿರಬೇಕು

ಅರ್ಧ ಕೆಜಿ ದ್ರಾಕ್ಷಿಯನ್ನು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತೊಟ್ಟು ಬಿಡಿಸಿ. ಮುಕ್ಕಾಲು ಲೀಟರ್ ನೀರು ಹಾಕಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ಸಿಪ್ಪೆ ಒಡೆದು ನೀರಿಗೆ ಬಣ್ಣ ಇಳಿಯುತ್ತದೆ. ಸೌಟಿನ ಹಿಂಭಾಗದಿಂದ ಮೆತ್ತಗೆ ಒತ್ತಿ, ಜರಡಿಯಲ್ಲಿ ಸೋಸಿ. ರಸ ಒಂದು ಲೀಟರ್‌ಗೆ ಕಮ್ಮಿ ಬಂದರೆ ನೀರು ಸೇರಿಸಿ ಸರಿ ಮಾಡಿ. ನಾಲ್ಕೈದು ದೊಡ್ಡ ಚಮಚ ಸಕ್ಕರೆ ಹಾಕಿ ಕುದಿಗೆ ತನ್ನಿ.

ಈಗ ಕಾರ್ನ್‌ಫ್ಲೋರ್. ಕುಡಿಯುವ ಹದಕ್ಕೆ ಲೀಟರ್‌ಗೆ ಸುಮಾರು 25 ಗ್ರಾಂ. ತಲೆತಟ್ಟಿದ ದೊಡ್ಡ ಚಮಚದಲ್ಲಿ ಮೂರು. ಚಮಚದಲ್ಲಿ ತಿನ್ನುವ ಹದ ಬೇಕಿದ್ದರೆ ಇದರ ಎರಡರಷ್ಟು. ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ, ಉರಿ ತಗ್ಗಿಸಿ, ಸಣ್ಣ ಧಾರೆಯಾಗಿ ಬಿಡುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಿರಿ. ಮತ್ತೆ ಗುಳ್ಳೆ ಎದ್ದು ಕುದಿ ಬಂದ ಮೇಲೆ ಒಂದು ನಿಮಿಷ, ಅಷ್ಟೇ. ಇಳಿಸಿ.

ಬಿಸಿಯಲ್ಲಿ ಇದು ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿ ನಿಧಾನ ಜಾರಬೇಕು. ಬೆರಳಲ್ಲಿ ಗೆರೆ ಎಳೆದರೆ ಗೆರೆ ಎರಡು ಕ್ಷಣ ನಿಂತು ಮುಚ್ಚಿಕೊಳ್ಳಬೇಕು. ಆರಿದ ಮೇಲೆ ಇನ್ನೂ ಮಂದ ಆಗುತ್ತದೆ, ಅದಕ್ಕೇ ಒಲೆ ಮೇಲೆ ಸ್ವಲ್ಪ ತೆಳ್ಳಗಿರುವಾಗಲೇ ನಿಲ್ಲಿಸಬೇಕು. ನಂಬಿಕೆ ಬರದಿದ್ದರೆ ಒಂದು ಚಮಚ ತಣ್ಣಗಿನ ಸ್ಟೀಲ್ ತಟ್ಟೆಗೆ ಹಾಕಿ, ಎರಡು ನಿಮಿಷ ಬಿಟ್ಟು ತಟ್ಟೆ ವಾಲಿಸಿ. ಅಲ್ಲಿ ಹರಿಯುವ ವೇಗವೇ ಲೋಟದಲ್ಲಿ ಸಿಗುವ ಹದ. "ಗಟ್ಟಿ ಆಗಲಿಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಈ ತಟ್ಟೆಯ ಮೇಲೆಯೇ ಮುಗಿದುಹೋಗುತ್ತವೆ. ಹದ ಸರಿಯಾಗಿಯೇ ಇರುತ್ತದೆ, ಬಿಸಿಯಲ್ಲಿ ನೋಡಿ ಗಾಬರಿ ಬಿದ್ದಿರುತ್ತಾರೆ.

ಒಲೆ ಮೇಲೆ ಗಟ್ಟಿ ಆಗಲೇ ಇಲ್ಲ

ಮೊದಲು ಹಿಟ್ಟು ಕಲಸಿದ ಬಟ್ಟಲನ್ನು ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕರಗುವುದಿಲ್ಲ, ಸುಮ್ನೆ ತೇಲಾಡುತ್ತಿರುತ್ತದೆ. ಕಲಸಿಟ್ಟು, ರಸ ಕುದಿಯಲಿ ಅಂತ ಐದು ನಿಮಿಷ ಬಿಟ್ಟರೆ ಅಷ್ಟೂ ತಳಕ್ಕೆ ಕೂತಿರುತ್ತದೆ. ಬಟ್ಟಲು ವಾಲಿಸಿದರೆ ಮೇಲೆ ಹಾಲಿನ ಬಣ್ಣದ ನೀರು ಸರಿದಾಡುತ್ತದೆ, ಕೆಳಗೆ ಬಿಳಿ ಪದರ ಕದಲುವುದೇ ಇಲ್ಲ. ಆ ಪದರವನ್ನು ಬೆರಳಲ್ಲಿ ಜೋರಾಗಿ ಒತ್ತಿ, ಕಲ್ಲಿನ ಹಾಗೆ ತಡೆಯುತ್ತದೆ. ನಿಧಾನ ಒತ್ತಿ, ಬೆರಳು ಒಳಗಿಳಿಯುತ್ತದೆ. ಪಾತ್ರೆಗೆ ಹೋಗಿದ್ದು ಮೇಲಿನ ನೀರು ಮಾತ್ರ, ಹಿಟ್ಟು ಬಟ್ಟಲಲ್ಲೇ ಉಳಿದಿದೆ ಅಂತ ಅರ್ಥ. ಸುರಿಯುವ ಕ್ಷಣಕ್ಕೆ ಸರಿಯಾಗಿ ಮತ್ತೊಮ್ಮೆ ತಳದಿಂದ ಕೆದಕಿ ಕಲಸಿದರೆ ಈ ತೊಂದರೆಯೇ ಇಲ್ಲ.

ಬಟ್ಟಲು ಖಾಲಿ ಇದೆಯಾ? ಹಾಗಾದರೆ ಬಿಸಿ ಸಾಕಾಗಿದೆಯಾ ನೋಡಿ. ಕಾರ್ನ್‌ಫ್ಲೋರ್ ಕಾಳುಗಳು ನೀರು ಹೀರಿ ಉಬ್ಬಲು ಶುರು ಮಾಡುವುದು ಸುಮಾರು 62ರಿಂದ 72 ಡಿಗ್ರಿ ಹೊತ್ತಿಗೆ. ಪೂರ್ತಿ ಮಂದ ಆಗಲು 90 ದಾಟಬೇಕು. ಹಬೆ ಬಂತು ಅಂತ ಇಳಿಸಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಬಾಯಲ್ಲಿ ಹಿಟ್ಟಿನ ಹಸಿ ವಾಸನೆ, ನಾಲಿಗೆಗೆ ಸೀಮೆಸುಣ್ಣದ ಪುಡಿ ತಾಗಿದ ಭಾವ ಇದ್ದರೆ ಕಾರಣ ಇದೇ. ಮತ್ತೆ ಒಲೆಗಿಟ್ಟು ಪೂರ್ತಿ ಕುದಿ ಬರಿಸಿ, ತನ್ನಷ್ಟಕ್ಕೆ ಸರಿಯಾಗುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಸ್ವಲ್ಪ ಜಾಸ್ತಿ ಎತ್ತರ. ಇಲ್ಲಿ ನೀರು 97 ಡಿಗ್ರಿ ಹತ್ತಿರ ಕುದಿಯುತ್ತದೆ. ಹಾಗಾಗಿ ಎತ್ತರದ ಊರು, ಬಿಸಿ ಸಾಲದು ಅನ್ನುವ ಚಿಂತೆ ಬೇಡ. ಕುದಿ ಬಂದರೆ ಸಾಕು.

ಮೂರನೆಯದು ಹಿಟ್ಟೇ ಬೇರೆ ಆಗಿರುವುದು. ಅಂಗಡಿಯಲ್ಲಿ ಮುಸುಕಿನ ಜೋಳದ ಹಿಟ್ಟು ಕೇಳಿದರೆ ರೊಟ್ಟಿ ತಟ್ಟುವ ಹಳದಿ ಹಿಟ್ಟು ಕೊಡುತ್ತಾರೆ. ಅದು ಇಡೀ ಕಾಳು ಬೀಸಿದ ಹಿಟ್ಟು, ನಮಗೆ ಬೇಕಾದದ್ದು ಅದರೊಳಗಿನ ಪಿಷ್ಟ ಮಾತ್ರ. ಬೆರಳ ಮಧ್ಯೆ ಉಜ್ಜಿದರೆ ಕಾರ್ನ್‌ಫ್ಲೋರ್ ಕಿರ್ರನೆ ಸದ್ದು ಮಾಡುತ್ತದೆ, ಬಣ್ಣ ಹಾಲುಬಿಳಿ. ಹಳದಿ ಹಿಟ್ಟು ಮರಳು ಮರಳು. ಅದನ್ನು ಹಾಕಿದರೆ ಕಿಸೆಲ್ ಆಗಲ್ಲ, ತೆಳ್ಳನೆಯ ಗಂಜಿ ಆಗುತ್ತದೆ. ಕಸ್ಟರ್ಡ್ ಪೌಡರ್ ಮಾತ್ರ ನಡೆಯುತ್ತದೆ, ಅದು ಬಣ್ಣ ಮತ್ತು ವೆನಿಲಾ ಘಮ ಸೇರಿಸಿದ ಕಾರ್ನ್‌ಫ್ಲೋರ್. ಆದರೆ ದ್ರಾಕ್ಷಿಗೆ ಆ ಘಮ ಹೊಂದಲ್ಲ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಸಾಧ್ಯತೆ ಇದೆ. ಮಕ್ಕಳಿಗೆ ಒಳ್ಳೆಯದು ಅಂತ ಕಾರ್ನ್‌ಫ್ಲೋರ್ ಬದಲು ಮನೆಯ ರಾಗಿ ಸರಿ ಹಿಟ್ಟು ಹಾಕುತ್ತಾರೆ. ಯೋಚನೆ ಚೆನ್ನಾಗಿದೆ. ಆದರೆ ಆ ರಾಗಿಗೆ ಮೊಳಕೆ ಬರಿಸಿದ್ದರೆ ಹದ ಬರಲ್ಲ. ಮೊಳಕೆ ಒಡೆಯುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ತಯಾರಾಗುತ್ತದೆ. ಎಳೆ ಗಿಡದ ಊಟಕ್ಕಾಗಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಅದರ ಕೆಲಸ. ಕೂಸುಗಳಿಗೆ ಮೊಳಕೆ ರಾಗಿ ಸರಿ ಮಾಡುವುದರಲ್ಲಿ ಇರುವ ಅನುಕೂಲವೂ ಅದೇ, ಹಿಟ್ಟು ಜಾಸ್ತಿ ಹಾಕಿದರೂ ತೆಳ್ಳಗಿರುತ್ತದೆ, ನುಂಗಲು ಸುಲಭ. ಕಿಸೆಲ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ರಾಗಿಯಲ್ಲೇ ಮಾಡಬೇಕು ಅಂತಿದ್ದರೆ ಮೊಳಕೆ ಬರಿಸದ ರಾಗಿಯನ್ನು ರಾತ್ರಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ ಅದನ್ನು ಬಳಸಿ. ಸಪೋಟ, ಬಾಳೆಹಣ್ಣಿಗೆ ಚೆನ್ನಾಗಿ ಕೂರುತ್ತದೆ. ದ್ರಾಕ್ಷಿಯ ಬಣ್ಣವನ್ನು ಮಾತ್ರ ಕೆಡಿಸುತ್ತದೆ.

ಸಕ್ಕರೆ ಅತಿಯಾದರೂ ಮಂದ ಆಗುವುದು ತಡವಾಗುತ್ತದೆ. ಪಿಷ್ಟಕ್ಕೆ ಸಿಗಬೇಕಾದ ನೀರನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ. ಬೆಲ್ಲದ ಪಾಕ ಸುರಿದವರಿಗೂ ಇದೇ ಅನುಭವ. ಅರ್ಧ ಸಿಹಿ ಮೊದಲು, ಉಳಿದರ್ಧ ಕೊನೆಗೆ.

ಗಟ್ಟಿಯಾಗಿದ್ದು ಒಲೆ ಮೇಲೆಯೇ ಇಳಿದುಹೋಯಿತು

ಎಲ್ಲರನ್ನೂ ಕಂಗೆಡಿಸುವ ದೋಷ ಇದು, ದ್ರಾಕ್ಷಿಯಲ್ಲಿ ಜಾಸ್ತಿ ಕಾಣುವುದೂ ಇದೇ. ಸೌಟಿಗೆ ಚೆನ್ನಾಗಿ ಅಂಟುತ್ತಿತ್ತು, ಇನ್ನೂ ಸ್ವಲ್ಪ ಬೇಯಲಿ ಅಂತ ಬಿಟ್ಟರು, ಹತ್ತು ನಿಮಿಷಕ್ಕೆ ಮತ್ತೆ ಜ್ಯೂಸ್. ಆಗ ಇನ್ನಷ್ಟು ಕುದಿಸುತ್ತಾರೆ. ಇನ್ನಷ್ಟು ತೆಳ್ಳಗಾಗುತ್ತದೆ.

ಇಲ್ಲಿ ಕೆಲಸ ಮಾಡುತ್ತಿರುವುದು ಹುಳಿ ಮತ್ತು ಬಿಸಿ, ಎರಡೂ ಸೇರಿ. ಪಿಷ್ಟ ಅಂದರೆ ಗ್ಲೂಕೋಸ್ ಕೊಂಡಿಗಳ ಉದ್ದುದ್ದ ಸರಪಳಿ. ಉದ್ದ ಇದ್ದಷ್ಟೂ ನೀರನ್ನು ಹಿಡಿದು ನಿಲ್ಲಿಸುತ್ತದೆ. ಹುಳಿ ರಸದಲ್ಲಿ ಕುದಿಯುತ್ತಾ ಹೋದರೆ ಆ ಸರಪಳಿಗಳು ತುಂಡು ತುಂಡಾಗುತ್ತವೆ. ಒಮ್ಮೆ ತುಂಡಾದದ್ದು ಆರಿಸಿದರೂ, ಫ್ರಿಜ್‌ನಲ್ಲಿ ಇಟ್ಟರೂ ಮತ್ತೆ ಕೂಡುವುದಿಲ್ಲ. ಬೆಂಗಳೂರು ಬ್ಲೂ, ನೇರಳೆ, ಅನಾನಸ್, ಮಾವಿನಕಾಯಿ, ಇವೆಲ್ಲ ಈ ಗುಂಪಿನವು. ಹುಳಿ ಸಾಲದು ಅಂತ ಶುರುವಿನಲ್ಲೇ ನಿಂಬೆಹಣ್ಣು ಹಿಂಡಿದ್ದರೆ ಇನ್ನೂ ಬೇಗ ಇಳಿಯುತ್ತದೆ.

ಪರೀಕ್ಷೆ ಸುಲಭ. ಒಂದು ಲೋಟ ಬರೀ ನೀರಿಗೆ ಅದೇ ಹಿಟ್ಟು, ಅದೇ ಅಳತೆಯಲ್ಲಿ ಹಾಕಿ ಕುದಿಸಿ. ನೀರಿನಲ್ಲಿ ಹದ ನಿಂತು, ರಸದಲ್ಲಿ ನಿಲ್ಲದಿದ್ದರೆ ಹಿಟ್ಟಿನ ತಪ್ಪಿಲ್ಲ. ಹುಳಿಯೇ ಕಾರಣ.

ಪರಿಹಾರವೂ ಈ ಪರೀಕ್ಷೆಯಲ್ಲೇ ಇದೆ. ಲೀಟರ್ ರಸದಲ್ಲಿ ನೀರಿನ ಪಾಲು ಎಷ್ಟೋ ಅಷ್ಟರಲ್ಲಿ ಒಂದು ಭಾಗವನ್ನು ಬೇರೆ ತೆಗೆದಿಟ್ಟುಕೊಳ್ಳಿ. ದ್ರಾಕ್ಷಿಯನ್ನು ಕಮ್ಮಿ ನೀರಿನಲ್ಲಿ ಬೇಯಿಸಿ ಮಂದ ರಸ ತೆಗೆಯಿರಿ. ತೆಗೆದಿಟ್ಟ ನೀರಿನಲ್ಲಿ ಪಿಷ್ಟವನ್ನು ಪೂರ್ತಿ ಬೇಯಿಸಿ. ಅದು ಗಾಜಿನಂತೆ ಹೊಳಪು ಬಂದು ಮಂದ ಆದ ಮೇಲೆ ಒಲೆ ಆರಿಸಿ, ಬಿಸಿ ರಸವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಸಿ. ಹುಳಿ ಬರುವ ಹೊತ್ತಿಗೆ ಬೆಂಕಿ ಇಲ್ಲ. ನಿಂಬೆ ಬೇಕಿದ್ದರೆ ಅದೂ ಕೊನೆಗೇ. ಘಮವೂ ಜಾಸ್ತಿ ಉಳಿಯುತ್ತದೆ, ಬಣ್ಣವೂ ಕಂದು ತಿರುಗುವುದಿಲ್ಲ. ಹುಳಿ ಹಣ್ಣಿಗೆ ನಾನು ಹೇಳುವುದು ಈ ಕ್ರಮವನ್ನೇ, ಮೊದಲ ಸಲ ಮಾಡುವವರಿಗೂ.

ಈಗಾಗಲೇ ಇಳಿದುಹೋಗಿದ್ದರೆ? ಹೊಸದಾಗಿ ಒಂದು ಚಮಚ ಪಿಷ್ಟವನ್ನು ಸ್ವಲ್ಪ ನೀರಿನಲ್ಲಿ ಬೇರೆ ಪಾತ್ರೆಯಲ್ಲಿ ಬೇಯಿಸಿ, ಇಳಿಸಿದ ಕಿಸೆಲ್‌ಗೆ ಬೆರೆಸಿ. ಮತ್ತೆ ಕುದಿಸಬೇಡಿ.

ಹುಳಿ ಕಮ್ಮಿ ಇದ್ದೂ ಇಳಿದರೆ ಕೈಯ ಕೆಲಸ ನೋಡಿ. ಉಬ್ಬಿದ ಪಿಷ್ಟದ ಕಾಳುಗಳು ತುಂಬಾ ಮೆತ್ತಗಿರುತ್ತವೆ. ಬಿಡದೆ ಜೋರಾಗಿ ಕಡೆದರೆ, ಗಂಟು ಹೋಗಲಿ ಅಂತ ಮಿಕ್ಸಿಗೆ ಹಾಕಿದರೆ ಒಡೆದು ನೀರು ಬಿಟ್ಟುಬಿಡುತ್ತವೆ. ಆಲೂಗಡ್ಡೆ ಪಿಷ್ಟ ಮತ್ತು ಆರಾರೂಟ್ ಇದರಲ್ಲಿ ಇನ್ನೂ ನಾಜೂಕು. ಅವು ಕಾರ್ನ್‌ಫ್ಲೋರ್‌ಗಿಂತ ಕಮ್ಮಿ ಬಿಸಿಗೇ ಬೇಗ ಮಂದ ಆಗುತ್ತವೆ, ಕುದಿ ಬಂದ ಕೂಡಲೇ ಇಳಿಸಬೇಕು. ರಷ್ಯಾದ ಕಡೆ ಕಿಸೆಲ್‌ಗೆ ಪಿಷ್ಟ ಹಾಕಿದ ಮೇಲೆ ಜಾಸ್ತಿ ಹೊತ್ತು ಕುದಿಸದಿರುವುದಕ್ಕೆ ಕಾರಣ ಇದೇ.

ಆರಾರೂಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಹೆಸರಿನಲ್ಲಿ ಸಿಗುವ ಪುಡಿ ಎಷ್ಟೋ ಸಲ ಬೇರೆ ಪಿಷ್ಟವಾಗಿರುತ್ತದೆ. ಒಂದು ಚಮಚವನ್ನು ಒಂದು ಲೋಟ ನೀರಿನಲ್ಲಿ ಬೇಯಿಸಿ, ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿ ಹಿಂದಿನ ಬೆರಳು ಕಂಡರೆ ಆರಾರೂಟ್, ಮರಗೆಣಸು ಅಥವಾ ಆಲೂಗಡ್ಡೆಯದು. ಮಬ್ಬಾಗಿ ಹಾಲಿನಂತೆ ಕಂಡರೆ ಮುಸುಕಿನ ಜೋಳದ್ದು. ಯಾವುದಾದರೂ ತೊಂದರೆ ಇಲ್ಲ, ಬೇಯಿಸುವ ಹೊತ್ತು ಮಾತ್ರ ಬೇರೆ.

ಮೇಲಿನ ಹೊಳಪು ಬೇಕು ಅನ್ನುವವರು ಆಲೂಗಡ್ಡೆ ಪಿಷ್ಟವನ್ನು ಮನೆಯಲ್ಲೇ ತೆಗೆಯಬಹುದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಆಲೂಗಡ್ಡೆಗೆ ಬರ ಇಲ್ಲ. ತುರಿದು, ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಹಿಂಡಿ, ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ಬಿಳಿಯಾಗಿ ಕೂರುತ್ತದೆ. ಮೇಲಿನ ಕೆಂಪು ನೀರು ಚೆಲ್ಲಿ, ಹೊಸ ನೀರು ಹಾಕಿ ಇನ್ನೊಮ್ಮೆ ತಿಳಿಯಲು ಬಿಡಿ. ಆ ದಿನವೇ ಬಳಸಿ. ಇದರಲ್ಲಿ ಮಾಡಿದ ದ್ರಾಕ್ಷಿ ಕಿಸೆಲ್ ಲೋಟದಲ್ಲಿ ಕೆಂಪು ಹರಳಿನಷ್ಟು ತಿಳಿಯಾಗಿ ಕಾಣುತ್ತದೆ.

ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ನೀರು

ಇಲ್ಲಿ ಎರಡು ಬಗೆ ಇದೆ. ಬೆರೆಸಿ ನೋಡಬೇಡಿ, ಮೊದಲು ಕಣ್ಣಲ್ಲೇ ನೋಡಿ.

ಕೆಳಗೆ ಗಟ್ಟಿ ಮುದ್ದೆ, ಮೇಲೆ ತಿಳಿನೀರು ಬೇರೆ ಬೇರೆ ಆಗಿದ್ದರೆ ಅದು ಕಾರ್ನ್‌ಫ್ಲೋರ್‌ನ ಗುಣ. ತಣ್ಣಗಾದಂತೆ ಅದರ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ಬಿಗಿಯಾಗುತ್ತವೆ, ಹಿಡಿದಿದ್ದ ನೀರನ್ನು ಹೊರಗೆ ತಳ್ಳುತ್ತವೆ. ಫ್ರೀಜರ್‌ಗೆ ಇಟ್ಟು ಕರಗಿಸಿದರೆ ಇದು ಇನ್ನೂ ಜಾಸ್ತಿ, ಸ್ಪಂಜು ಹಿಂಡಿದ ಹಾಗೆ ನೀರು ಬರುತ್ತದೆ. ಹಾಳಾಗಿಲ್ಲ, ಕುಡಿಯಬಹುದು. ಮೆತ್ತಗೆ ಕಲಸಿದರೆ ಒಂದಷ್ಟು ಸೇರುತ್ತದೆ. ಮರುದಿನಕ್ಕೆ ಇಡುವುದು ಖಚಿತ ಅಂತಿದ್ದರೆ ಮರಗೆಣಸಿನ ಪಿಷ್ಟ ಬಳಸಿ, ಅದು ನೀರು ಬಿಡುವುದು ಕಮ್ಮಿ. ಸಬ್ಬಕ್ಕಿ ಅದೇ ಪಿಷ್ಟದ್ದು. ನೆನೆಸಿ, ಪೂರ್ತಿ ಕರಗುವಷ್ಟು ಬೇಯಿಸಿ ಸೋಸಿದರೂ ಆಗುತ್ತದೆ.

ಮುದ್ದೆಯೂ ಇಲ್ಲ, ಪದರವೂ ಇಲ್ಲ, ಇಡೀ ಪಾತ್ರೆಯೇ ಒಂದೇ ಸಮ ತೆಳ್ಳಗಾಗಿದೆಯಾ? ಹಣ್ಣು ಸಪೋಟ, ಬಾಳೆ, ಅಥವಾ ಹಾಲು ಸೇರಿಸಿದ ಮಾವು ಆಗಿತ್ತಾ? ಹಾಗಿದ್ದರೆ ಎಂಜಲು ಚಮಚವನ್ನು ಅನುಮಾನಿಸಿ. ನಮ್ಮ ಜೊಲ್ಲಿನಲ್ಲೂ ಅಮೈಲೇಸ್ ಇದೆ, ಮೊಳಕೆ ರಾಗಿಯಲ್ಲಿ ಇದ್ದಂಥದ್ದೇ. ರುಚಿ ನೋಡಿದ ಚಮಚ ಮತ್ತೆ ಪಾತ್ರೆಗೆ ಹೋದರೆ, ಮಗು ಅರ್ಧ ಕುಡಿದ ಲೋಟವನ್ನು ವಾಪಸ್ ಸುರಿದರೆ ಸಾಕು. ಬೆಚ್ಚಗಿರುವಾಗ ಅದರ ಕೆಲಸ ಜೋರು.

ಅನುಮಾನ ಇದ್ದರೆ ಪರೀಕ್ಷೆ ಮಾಡಿ, ಮಕ್ಕಳನ್ನೂ ಕೂರಿಸಿಕೊಳ್ಳಿ, ಅವರಿಗೆ ಇದು ತುಂಬಾ ಇಷ್ಟ ಆಗುತ್ತದೆ. ಉಗುರು ಬೆಚ್ಚಗಿನ ಸಪೋಟ ಕಿಸೆಲ್ ಅನ್ನು ಎರಡು ಚಿಕ್ಕ ಬಟ್ಟಲಿಗೆ ಹಾಕಿ. ಒಂದನ್ನು ತೊಳೆದ ಚಮಚದಲ್ಲಿ ಕಲಸಿ. ಇನ್ನೊಂದನ್ನು ಬಾಯಲ್ಲಿ ಚೀಪಿದ ಚಮಚದಲ್ಲಿ ಕಲಸಿ. ಅರ್ಧ ಗಂಟೆ ಬಿಟ್ಟು ಎರಡನ್ನೂ ವಾಲಿಸಿ. ಮೊದಲನೆಯದು ಬಟ್ಟಲ ಅಂಚಿಗೆ ಬಂದು ದಪ್ಪಗೆ ತಡೆದು ನಿಲ್ಲುತ್ತದೆ. ಎರಡನೆಯದು ಅಡೆತಡೆ ಇಲ್ಲದೆ ಓಡಾಡುತ್ತದೆ. ಊಟ ಬಡಿಸುವಾಗ ಎಂಜಲು ಮುಟ್ಟಿಸಬೇಡಿ ಅಂತ ಹಿರಿಯರು ಹೇಳುವುದು ಮಕ್ಕಳ ಕಣ್ಣಿಗೇ ಕಾಣುತ್ತದೆ.

ದ್ರಾಕ್ಷಿಯಂಥ ಹುಳಿ ರಸದಲ್ಲಿ ಈ ಕಿಣ್ವದ ಆಟ ನಡೆಯುವುದು ಕಮ್ಮಿ, ಹುಳಿಯೇ ಅದನ್ನು ನಿಲ್ಲಿಸುತ್ತದೆ. ಅದಕ್ಕೇ ಯಾವ ಹಣ್ಣು ಅಂತ ಮೊದಲೇ ಕೇಳುವುದು. ಹುಳಿ ಹಣ್ಣಾದರೆ ಒಲೆಯನ್ನು ಅನುಮಾನಿಸಬೇಕು, ಸಿಹಿ ಹಣ್ಣಾದರೆ ಚಮಚವನ್ನು.

ಜೇನುತುಪ್ಪಕ್ಕೂ ಇದೇ ಮಾತು. ಜೇನಿನಲ್ಲಿ ಅಮೈಲೇಸ್ ಇರುತ್ತದೆ. ಆರಿದ ಬಾಳೆಹಣ್ಣಿನ ಕಿಸೆಲ್‌ಗೆ ಹಸಿ ಜೇನು ಕಲಸಿಟ್ಟರೆ ಕೆಲವು ಗಂಟೆಗಳಲ್ಲಿ ತೆಳ್ಳಗಾಗಬಹುದು. ಲೋಟಕ್ಕೆ ಸುರಿದ ಮೇಲೆ ಮೇಲಿಂದ ಹಾಕಿ, ತಕ್ಷಣ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಯಾವ ರೂಪದಲ್ಲೂ ಬೇಡವೇ ಬೇಡ, ಅದರಿಂದ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು.

ಗಂಟು, ಕೆನೆ

ಒಣ ಹಿಟ್ಟು ಬಿಸಿ ರಸಕ್ಕೆ ಬಿದ್ದರೆ ಹೊರಗಿನ ಪದರ ಕ್ಷಣದಲ್ಲಿ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟಿಗೆ ನೀರೇ ಹೋಗುವುದಿಲ್ಲ. ಗಂಟನ್ನು ಚಮಚದಲ್ಲಿ ಸೀಳಿದರೆ ನಡುವೆ ಒಣ ಬಿಳಿ ಪುಡಿ ಕಾಣುತ್ತದೆ. ಎಷ್ಟು ಕುದಿಸಿದರೂ ಅದು ಬೇಯಲ್ಲ. ಜರಡಿಯಲ್ಲಿ ಸೋಸಿ ತೆಗೆಯಿರಿ, ಹೋದ ಹಿಟ್ಟಿನಷ್ಟನ್ನು ತಣ್ಣೀರಿನಲ್ಲಿ ಕಲಸಿ ಮತ್ತೆ ಸೇರಿಸಿ. ಮೇಲೆ ಕೆನೆಯಂಥ ಪದರ ಕಟ್ಟುವುದು ದೋಷವಲ್ಲ, ಮೇಲ್ಮೈ ಒಣಗಿದ್ದು ಅಷ್ಟೇ. ಬಿಸಿ ಇರುವಾಗಲೇ ಮೇಲೆ ಸ್ವಲ್ಪ ಸಕ್ಕರೆ ಉದುರಿಸಿದರೆ ಕಟ್ಟುವುದಿಲ್ಲ.

ಬಣ್ಣ ಮಂಕಾಯಿತು, ಕಹಿ ಬಂತು

ದ್ರಾಕ್ಷಿ ಮತ್ತು ನೇರಳೆಯ ಬಣ್ಣ ಆಂಥೋಸಯನಿನ್ ಅನ್ನುವ ಪದಾರ್ಥದ್ದು. ಹುಳಿ ಇದ್ದಾಗ ಕೆಂಪು, ಹುಳಿ ಕಮ್ಮಿಯಾದಂತೆ ನೇರಳೆ, ನೀಲಿ, ಬೂದು. ನಮ್ಮ ಕಡೆ ಬಹುಪಾಲು ನೀರು ಕೊಳವೆಬಾವಿಯದು, ಗಡಸು. ಅಂಥ ನೀರಿನಲ್ಲಿ ಹುಳಿಯನ್ನು ತಗ್ಗಿಸುವ ಲವಣಗಳಿರುತ್ತವೆ. ಹಣ್ಣು ಕಮ್ಮಿ, ನೀರು ಜಾಸ್ತಿ ಆದಾಗ ಬಣ್ಣ ಮಂಕಾಗುವುದು ಅದಕ್ಕೆ. ಬಿಳಿ ಪಿಂಗಾಣಿ ಬಟ್ಟಲಿಗೆ ಎರಡು ಚಮಚ ಕಿಸೆಲ್ ಹಾಕಿ, ನಾಲ್ಕು ಹನಿ ನಿಂಬೆರಸ ಬಿಡಿ. ಹನಿ ಬಿದ್ದ ಜಾಗದಿಂದ ಕೆಂಪು ಹರಡಿದರೆ ಕಾರಣ ನೀರು. ಇಳಿಸಿದ ಪಾತ್ರೆಗೂ ಸ್ವಲ್ಪ ನಿಂಬೆ ಹಿಂಡಿದರೆ ಮುಗಿಯಿತು. ಕೆಂಪಾಗದೆ ಕಂದಾಗಿಯೇ ಉಳಿದರೆ ಜಾಸ್ತಿ ಹೊತ್ತು ಕುದಿಸಿದ್ದಾರೆ, ಅದು ವಾಪಸ್ ಬರಲ್ಲ. ಕಪ್ಪು ತಿರುಗಿದ್ದರೆ ಪಾತ್ರೆ ನೋಡಿ. ಕಬ್ಬಿಣದ ಬಾಣಲೆಯಲ್ಲಿ ನೇರಳೆ ಹಣ್ಣಿನ ಒಗರು ಸೇರಿದರೆ ಮಸಿಯ ಬಣ್ಣ ಬರುತ್ತದೆ. ಅಲ್ಯೂಮಿನಿಯಂ ಕೂಡ ಹುಳಿಗೆ ಒಳ್ಳೆಯದಲ್ಲ.

ನೀರಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಲೇಬೇಕು. ಚಿಕ್ಕಬಳ್ಳಾಪುರ, ಕೋಲಾರದ ಎಷ್ಟೋ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಜಾಸ್ತಿಯಾಗುತ್ತದೆ. ಹೇಗೂ ಕುದಿಸುತ್ತೇವಲ್ಲ ಅಂತ ನಲ್ಲಿ ನೀರು ಬಳಸಬೇಡಿ. ಮಕ್ಕಳು ಕುಡಿಯುವ ಶುದ್ಧ ನೀರನ್ನೇ ಇದಕ್ಕೂ ಹಾಕಿ. ಬೆಳೆಯುವ ಹಲ್ಲು, ಮೂಳೆಯ ವಿಷಯ ಇದು.

ಕಹಿಗೆ ಕಾರಣ ಸಾಮಾನ್ಯವಾಗಿ ಮಿಕ್ಸಿ. ಬೆಂಗಳೂರು ಬ್ಲೂ ಬೀಜ ಒಡೆದರೆ ಒಳಗಿನ ಟ್ಯಾನಿನ್ ರಸಕ್ಕೆ ಇಳಿಯುತ್ತದೆ, ಗಂಟಲು ಹಿಡಿದಂಥ ಒಗರು. ಸಕ್ಕರೆ ಸುರಿದು ಅದನ್ನು ಮುಚ್ಚಲಾಗುವುದಿಲ್ಲ. ಸೌಟಿನಲ್ಲಿ ಒತ್ತಿದರೆ ಸಾಕು, ಈ ತಳಿಯಲ್ಲಿ ತಿರುಳು ಸಿಪ್ಪೆಯಿಂದ ಸಲೀಸಾಗಿ ಜಾರಿ ಬರುತ್ತದೆ. ಜರಡಿಯಲ್ಲಿ ಉಳಿದ ಚರಟವನ್ನು ಕೈಯಲ್ಲಿ ಬಲವಾಗಿ ಹಿಂಡುವುದೂ ಬೇಡ.

ಮಾವು, ಹಾಲು, ಜೆಲ್ಲಿ

ಶ್ರೀನಿವಾಸಪುರದ ಮಾವು ಬರುವ ಕಾಲಕ್ಕೆ ಎಲ್ಲರೂ ಅದರಲ್ಲಿ ಮಾಡಲು ಹೊರಡುತ್ತಾರೆ. ಬಾದಾಮಿ, ರಸಪುರಿ ತಿರುಳನ್ನು ಕುದಿಸಿದರೆ ಅದರ ಘಮವೇ ಹೋಗಿಬಿಡುತ್ತದೆ. ಪಿಷ್ಟವನ್ನು ನೀರಿನಲ್ಲೋ ಹಾಲಿನಲ್ಲೋ ಬೇಯಿಸಿ, ಆರಿದ ಮೇಲೆ ಸೋಸಿದ ತಿರುಳು ಬೆರೆಸಿ. ಹಾಲು ಒಡೆಯುವ ದೂರಿಗೂ ಇದೇ ಮದ್ದು. ಬಿಸಿ ಹಾಲಿಗೆ ಹುಳಿ ತಾಗಿದರೆ ಒಡೆಯುತ್ತದೆ. ಮೊದಲೇ ಪಿಷ್ಟ ಹಾಕಿ ಮಂದ ಮಾಡಿ ತಣಿಸಿದ ಹಾಲು ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ದ್ರಾಕ್ಷಿ, ನೇರಳೆ ಜೊತೆ ಮಾತ್ರ ಹಾಲಿನ ಸಹವಾಸ ಬೇಡ.

ಅನಾನಸ್, ಪಪ್ಪಾಯಿ ಹಾಕಿದ್ದರಿಂದ ಕಿಸೆಲ್ ಕೂರಲಿಲ್ಲ ಅಂತಲೂ ಕೆಲವರು ಹೇಳುತ್ತಾರೆ. ಆ ಹಣ್ಣುಗಳ ಕಿಣ್ವ ಒಡೆಯುವುದು ಪ್ರೋಟೀನನ್ನು. ಜೆಲಾಟಿನ್ ಹಾಕಿದ ಜೆಲ್ಲಿಯನ್ನು ಅದು ಕೂರಲು ಬಿಡಲ್ಲ, ನಿಜ. ಪಿಷ್ಟಕ್ಕೂ ಚೈನಾ ಗ್ರಾಸ್‌ಗೂ ಅದರಿಂದ ಏನೂ ಆಗುವುದಿಲ್ಲ. ಅನಾನಸ್ ಕಿಸೆಲ್ ತೆಳ್ಳಗಾದರೆ ಮತ್ತೆ ಹುಳಿ, ಬಿಸಿಯ ಕಡೆಗೇ ಹೋಗಿ.

ಇಡುವುದು, ಕೊಡುವುದು

ಬೇಸಿಗೆಯಲ್ಲಿ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಅಗಲ ಪಾತ್ರೆಗೆ ಸುರಿದರೆ ಬೇಗ ಆರುತ್ತದೆ. ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಮರುದಿನದ ತನಕ ಚೆನ್ನಾಗಿರುತ್ತದೆ. ಸಣ್ಣ ಗುಳ್ಳೆ ಎದ್ದಿದ್ದರೆ, ಮುಚ್ಚಳ ತೆಗೆದಾಗ ಹೆಂಡದಂಥ ವಾಸನೆ ಬಂದರೆ ಚೆಲ್ಲಿಬಿಡಿ, ಕುದಿಸಿ ಉಳಿಸಲು ಹೋಗಬೇಡಿ.

ಮಂದ ಆದ ಪಾನೀಯ ಒಳಗೊಳಗೆ ತುಂಬಾ ಹೊತ್ತು ಬಿಸಿ ಹಿಡಿದಿರುತ್ತದೆ. ಮೇಲೆ ಮುಟ್ಟಿ ನೋಡಿದರೆ ಸಾಲದು, ತಳದಿಂದ ಕಲಸಿ ನಿಮ್ಮ ಲೋಟದಲ್ಲಿ ಕುಡಿದು ನೋಡಿ ಆಮೇಲೆ ಮಗುವಿಗೆ ಕೊಡಿ. ಅಲಂಕಾರಕ್ಕೆ ಇಡೀ ದ್ರಾಕ್ಷಿ ತೇಲಿಸುವುದು ಬೇಡ, ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರವೇ ಅದು. ಹಾಕಲೇಬೇಕೆಂದರೆ ಬೀಜ ತೆಗೆದು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಎರಡು ವರ್ಷದೊಳಗಿನವರಿಗೆ ಸಕ್ಕರೆ ಸೇರಿಸಿದ ಪಾನೀಯ ಬೇಡ ಅನ್ನುವುದೇ ವೈದ್ಯರ ಸಲಹೆ. ಅವರಿಗೆ ಚೆನ್ನಾಗಿ ಹಣ್ಣಾದ ಸಪೋಟ ಅಥವಾ ಬಾಳೆಯಲ್ಲಿ, ಸಿಹಿ ಹಾಕದೆ, ಚಮಚದ ಹದದಲ್ಲಿ ಮಾಡಿ. ತಿನ್ನಿಸುವ ಚಮಚವನ್ನು ಮಾತ್ರ ಪಾತ್ರೆಗೆ ಅದ್ದಬೇಡಿ, ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಹಾಕಿಕೊಳ್ಳಿ.